ಅಪ್ಪ ಇಲ್ಲ

ಆಗ ಡೊಂಬಿವಲಿಯ ನಮ್ಮ ಚಾಳಿನಲ್ಲಿ ಹಗಲು ಹೊತ್ತು ಯಾರ ಮನೆಯ ಬಾಗಿಲೂ ಮುಚ್ಚುತ್ತಿರಲಿಲ್ಲ. ಯಾರ ಮನೆಯಲ್ಲಿ ಒಗ್ಗರಣೆ, ಯಾರ ಮನೆಯಲ್ಲಿ ಜಗಳ ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಅಂಥಲ್ಲಿ, ನಾನು ಮೂರನೆಯ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ಅಪ್ಪ ಮನೆಗೆ ಬರುವುದನ್ನು ನಿಲ್ಲಿಸಿದರು. ಠಾಣೆಯ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು ಟಿಟ್ವಾಳಾದಲ್ಲಿ ಇನ್ನೊಬ್ಬಳೊಡನೆ ಮನೆ ಮಾಡಿದ್ದರು.

ಅಮ್ಮ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಇಟ್ಟುಕೊಂಡಿದ್ದಳು. ನೆಂಟರಿಗೆ "ಡ್ಯೂಟಿಯಲ್ಲಿದ್ದಾರೆ." ಚಾಳಿನವರಿಗೆ "ಊರಿಗೆ ಹೋಗಿದ್ದಾರೆ." ತಾಳಿ ತೆಗೆದಿಟ್ಟದ್ದಕ್ಕೆ ಲೋಕಲ್ ಟ್ರೇನಿನ ಕಳ್ಳರ ನೆಪ. ಇಷ್ಟೆಲ್ಲ ನನಗೆ ನೆನಪಿರದೆಂದು, "ಯಾರು ಕೇಳಿದ್ರೂ ಅಪ್ಪ ಇಲ್ಲ ಅಂತ ಹೇಳು, ಸಾಕು" ಅಂದಿದ್ದಳು.

ಪಕ್ಕದ ಖೋಲಿಗೆ ವಿಜಯಪುರದ ಶಾಂತವ್ವ ಹೊಸದಾಗಿ ಬಂದಳು. ಕಟ್ಟಡದ ಕೆಲಸದವಳು. ಆ ಮಹಡಿಯಲ್ಲಿ ಕನ್ನಡದವರೆಂದರೆ ನಾವು, ಅವರು, ಅಷ್ಟೆ. ಕುಂಟೆಬಿಲ್ಲೆ ಆಡುತ್ತಿದ್ದ ನನ್ನನ್ನು ಕೇಳಿದಳು, "ನಿಮ್ಮಪ್ಪ ಎಲ್ಲಿ ಅದಾನವಾ?"

"ಅಪ್ಪ ಇಲ್ಲ."

"ಅಯ್ಯ, ನನ್ನ ಕೂಸ!"

ಸಿಮೆಂಟಿನ ವಾಸನೆಯ ಸೆರಗಿಗೆ ನನ್ನನ್ನು ಅವಚಿಕೊಂಡು ಅತ್ತೇಬಿಟ್ಟಳು. ನಮ್ಮ ಭಾಷೆಯಲ್ಲಿ ಪೇಟೆಗೆ ಹೋದವನೂ 'ಇಲ್ಲ', ಸತ್ತವನೂ 'ಇಲ್ಲ'. ಬಿಟ್ಟುಹೋದವನಿಗೆಂದು ಬೇರೆ ಪದ ಯಾರೂ ಮಾಡಿಟ್ಟಿಲ್ಲ.

ಸಂಜೆಗೇ ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಂತು. ಮರುದಿನವೂ ಬಂತು. ಅಮ್ಮನಿಗೆ ವಿಷಯ ತಿಳಿದರೂ ತಿದ್ದಲಿಲ್ಲ.

"ಸತ್ತವನ ಹೆಂಡ್ತಿಗೆ ರೊಟ್ಟಿ ಬರ್ತದೆ, ಬಿಟ್ಟುಹೋದವನ ಹೆಂಡ್ತಿಗೆ ಬರೀ ಮಾತು. ತಿನ್ನು" ಅಂದಳು.

ಮೇ ತಿಂಗಳ ಕೊನೆಗೆ ಅಪ್ಪ ಒಂದು ಪೆಟ್ಟಿಗೆ ಆಪೂಸ್ ಮಾವಿನಹಣ್ಣು ಹಿಡಿದು ಬಂದರು. ಹೊರಗೆ ಅಕ್ಕಿ ಆರಿಸುತ್ತಿದ್ದ ಶಾಂತವ್ವ ತಡೆದಳು. "ಯಾರು ಬೇಕಾಗಿತ್ರಿ?"

"ಇದು ನನ್ನ ಮನೆ."

"ಈ ಮನಿ ಯಜಮಾನ್ರು ತೀರಿಕೊಂಡಾರಲ್ರಿ!"

ನಾನು "ಅಪ್ಪಾ" ಎಂದು ಓಡಿಬಂದೆ. ಶಾಂತವ್ವನ ಕೈಯ ಮೊರ ಅಲ್ಲೇ ನಿಂತಿತು. ಅಮ್ಮ ಹೊಸ್ತಿಲಿಗೆ ಬಂದಳು.

"ಎಂತದೇ ಇದು?" ಅಂದರು ಅಪ್ಪ.

"ಅವರು ಹೇಳಿದ್ದು ಸರಿ ಉಂಟು."

ಅಪ್ಪ ಪೆಟ್ಟಿಗೆ ಕೆಳಗಿಟ್ಟು ಮೆಟ್ಟಿಲಿಳಿದರು. ಹೋಗುವಾಗ ನನ್ನ ತಲೆ ಮುಟ್ಟಿದರೋ ಇಲ್ಲವೋ ಮರೆತಿದೆ. ಹುಲ್ಲಿನಲ್ಲಿ ಮಾಗಿದ ಹಣ್ಣಿನ ವಾಸನೆ ಮರೆತಿಲ್ಲ.

ರೊಟ್ಟಿ ಅಂದೇ ನಿಂತಿತು. "ಜೀವಂತ ಗಂಡನ್ನ ಕೊಂದಾಕಿ" ಎಂದು ಶಾಂತವ್ವ ನಳದ ಹತ್ತಿರ ಆಡಿದ್ದು ಅಮ್ಮನ ಕಿವಿಗೂ ಬಿತ್ತು. ಅಪ್ಪನನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ.

ಈಗ ಆ ಚಾಳಿನ ಜಾಗದಲ್ಲಿ ಟವರ್ ಎದ್ದಿದೆ. ಅಮ್ಮನೂ ಹೋಗಿ ಕೆಲವು ವರ್ಷಗಳಾದವು. ಕಳೆದ ಮಳೆಗಾಲ ಹೋಟೆಲಿನ ಹಳಬರೊಬ್ಬರು ಫೋನು ಮಾಡಿ ಅಪ್ಪ ತೀರಿಕೊಂಡರೆಂದರು. ನಾನು ಟಿಟ್ವಾಳಾ ತಲುಪುವಾಗ ಎಲ್ಲ ಮುಗಿದಿತ್ತು. ನನ್ನದೇ ಮೂಗಿನ ಹೆಂಗಸೊಬ್ಬಳು ಚಹಾ ಕೊಟ್ಟು, ತನ್ನ ಬಾಬಾ, ಅಂದರೆ ಅಪ್ಪ, ನನಗೆ ಹೇಗೆ ಪರಿಚಯ ಎಂದು ಮರಾಠಿಯಲ್ಲಿ ಕೇಳಿದಳು.

"ಮೊದಲು ಡೊಂಬಿವಲಿಯಲ್ಲಿ ಒಂದೇ ಚಾಳಿನಲ್ಲಿದ್ದೆವು" ಅಂದೆ. ಸುಳ್ಳೇನಲ್ಲ.

ತಾನು ಕಾಲೇಜಿಗೆ ಹೋಗುವಾಗ ಬಾಬಾ ದಿನಾ ಸ್ಟೇಷನ್ನಿನವರೆಗೆ ಬಂದು, ತಾನು ಗಾಡಿ ಹತ್ತುವ ತನಕ ನಿಂತಿರುತ್ತಿದ್ದರೆಂದು ಹೇಳುತ್ತ ಅವಳು ಬಿಕ್ಕಿದಳು. ನಾನು ಅವಳ ಬೆನ್ನು ಸವರಿದೆ. ಅಳು ನನಗೂ ಒತ್ತಿ ಬಂದಿತ್ತು. ಆದರೆ ಆ ಮನೆಯಲ್ಲಿ ಹಳೆಯ ನೆರೆಯವಳೊಬ್ಬಳು ಅಷ್ಟು ಅಳುವಂತಿರಲಿಲ್ಲ.