ರವೆಯ ಅಳತೆ

ಬೇಡಕಿಹಾಳದ ಶಾಲೆಯೊಂದರಲ್ಲಿ ಅಡುಗೆ ಮಾಡುವ ಅಕ್ಕುತಾಯಿ, ತಕ್ಕಡಿ ಕೆಟ್ಟಾಗಿನಿಂದ ಅಕ್ಕಿಯನ್ನು ಡಬ್ಬಿಯಲ್ಲಿ ಅಳೆಯುತ್ತಿದ್ದಳು. ಡಬ್ಬಿ ತುಂಬಿದರೆ ಒಂದು ಕಿಲೋ. ಉಪ್ಪಿಟ್ಟಿನ ದಿನ ರವೆಯನ್ನೂ ಅದೇ ಲೆಕ್ಕದಲ್ಲಿ ಸುರಿದಳು. ದೊಡ್ಡ ಮಕ್ಕಳ ಸರದಿ ಬರುವಷ್ಟರಲ್ಲಿ ಪಾತ್ರೆ ಬರಿದಾಯಿತು.

"ಬರೋಬ್ಬರಿ ಅಳದ ಹಾಕೇನಿ, ಹೆಂಗ ಕಡಿಮಿ ಬಿತ್ತ?" ಎಂದಳು.

"ರವಾ ಹಗರ ಐತ್ರಿ ಅಕ್ಕಾ. ಡಬ್ಬಿ ತುಂಬಿದ್ರೂ ಕಿಲೋ ಆಗಂಗಿಲ್ಲ," ಎಂದಳು ಜೊತೆಗೆ ಅಡುಗೆ ಮಾಡುವ ನೀಲಮ.

ಅಕ್ಕುತಾಯಿ ನೋಯುವ ಸೊಂಟ ಹಿಡಿದುಕೊಂಡೇ ಮತ್ತೆ ಒಲೆ ಹಚ್ಚಿದಳು. ಮಕ್ಕಳು ಕಾದು ತಿಂದು ಹೋದರು. ಸಂಜೆ ಅವಳು ಅದೇ ಡಬ್ಬಿಯೊಂದಿಗೆ ಕಿರಾಣಿ ಅಂಗಡಿಗೆ ಹೋಗಿ, ಒಂದು ಕಿಲೋ ರವೆ ತೂಗಿಸಿ ಸುರಿದು ನೋಡಿದಳು. ಡಬ್ಬಿ ತುಂಬಿ ಇನ್ನೂ ಒಂದು ಸಣ್ಣ ಬಟ್ಟಲಿನಷ್ಟು ರವೆ ಉಳಿಯಿತು.

"ಬ್ಯಾಳಿನೂ ತೂಗಿ ಡಬ್ಬಿಗಿ ಹಾಕಿ ನೋಡಲೇನ್ರಿ?" ಎಂದು ಅಂಗಡಿಯವ ಕೇಳಿದ.

"ತಡೀರಿ, ಜರಾ ಕುಂಡ್ರತೇನಿ," ಎಂದು ಅವಳು ಸೊಂಟ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು.