ಬಿ ಟೀಮಿನ ಬಸ್ಸಿಗೆ ದೃಷ್ಟಿ ತೆಗೆದದ್ದು

ಕಾನ್ವೆಂಟಿನಲ್ಲಿ ನಾನು ಥ್ರೋಬಾಲ್ ಟೀಮಿನ ರಿಸರ್ವ್ ಆಗಿದ್ದೆ. ಶಾಲೆ ಬಿಡುವವರೆಗೂ ರಿಸರ್ವ್. ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಜಡೆಗೆ ಹೌಸ್ ಬಣ್ಣದ ರಿಬ್ಬನ್ ಕಟ್ಟಿಕೊಂಡು, ಮೈದಾನದ ಅಂಚಿನಲ್ಲಿ ಕಿತ್ತಳೆ ತೊಳೆಗಳ ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಆಡುವವರಲ್ಲಿ ಯಾರಿಗಾದರೂ ಕಾಲು ಉಳುಕಲಿ ಎಂದು ಚಾಪೆಲಿನಲ್ಲಿ ಬೇಡಿಕೊಳ್ಳುವುದು ಪಾಪವೇ ಎಂದು ಸಿಸ್ಟರ್ ಒಬ್ಬರನ್ನು ಕೇಳಿದ್ದೆ. "ಸಣ್ಣ ಪಾಪ, ಚೈಲ್ಡ್. ಆದರೂ ಡೋಂಟ್," ಎಂದಿದ್ದರು. ನಾನು ಬೇಡಿಕೊಂಡೆ. ಯಾರ ಕಾಲೂ ಉಳುಕಲಿಲ್ಲ. ನಮ್ಮಪ್ಪ ಕಗ್ಗದಾಸಪುರದ ತೋಟದಿಂದ ಕಾನ್ವೆಂಟಿನ ಅಡುಗೆಮನೆಗೆ ಗಾಡಿಯಲ್ಲಿ ಸೊಪ್ಪು ಹಾಕುತ್ತಿದ್ದರು. ಆ ಸೊಪ್ಪಿನ ಜೊತೆಗೇ ನಾನೂ ಒಳಗೆ ಹೋದವಳು. ನನ್ನ ಪ್ರೇಯರ್‌ಗೆ ದೇವರು ಅಷ್ಟು ಅರ್ಜೆಂಟಾಗಿ ಗಮನ ಕೊಡಬೇಕೆಂದೇನೂ ಇರಲಿಲ್ಲ.

ಇದೆಲ್ಲ ಯಾಕೆ ನೆನಪಾಯಿತೆಂದರೆ, ನನ್ನ ತಮ್ಮನ ಮೊಮ್ಮಗಳು ಭಾರತದ ಹೆಂಗಸರ ಫುಟ್‌ಬಾಲಿನ ಬಿ ಟೀಮಿಗೆ ಗೋಲ್‌ಕೀಪರ್ ಆಗಿ ಆಯ್ಕೆಯಾದಳು. ದೇಶಕ್ಕೊಂದು ಮುಖ್ಯ ಟೀಮು ಇರುತ್ತದಲ್ಲ, ಅದರ ಬೆನ್ನಿಗೆ ಇನ್ನೊಂದು ಟೀಮು. ಅದೇ ನೀಲಿ ಜರ್ಸಿ, ಅದೇ ರಾಷ್ಟ್ರಗೀತೆ. ಟೀವಿಯವರು ಮಾತ್ರ ಬರುವುದಿಲ್ಲ. ಆ ಬಿ ಟೀಮಿನಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ನಮ್ಮ ಹುಡುಗಿ ಎರಡನೆಯವಳು. ಅಂದರೆ ರಿಸರ್ವ್ ಟೀಮಿನ ರಿಸರ್ವ್. ಇಡೀ ವಂಶದಲ್ಲಿ ನನ್ನ ಗುಣ ಯಾರಿಗೂ ಬಂದಿಲ್ಲವೆಂದು ಕೊರಗುತ್ತಿದ್ದೆ. ಬಂತು ನೋಡಿ.

ನೆರೆದೇಶದ ಬಿ ಟೀಮು ನಮ್ಮ ಕಂಟೋನ್ಮೆಂಟಿಗೇ ಫ್ರೆಂಡ್ಲಿ ಮ್ಯಾಚಿಗೆ ಬರುವುದೆಂದಾಯಿತು. ಹಿಂದಿನ ವಾರ ಹುಡುಗಿ ಕ್ಯಾಂಪಿನಿಂದ ಫೋನ್ ಮಾಡಿದಳು.

"ಅಜ್ಜಿ, ಪ್ಲೀಸ್, ಡ್ಯಾಡಿನ ಹೇಗಾದ್ರೂ ತಡಿ. ತಮಟೆ ತರ್ತಾರಂತೆ!"

"ತರಲಿ ಬಿಡೇ. ಹಾರ್ಮ್‌ಲೆಸ್ ಅಲ್ವಾ?"

"ನಾನು ಆಡಲ್ಲ ಅಜ್ಜಿ. ಕೋಚ್ ಹೇಳಿಬಿಟ್ಟಿದ್ದಾರೆ. ಜರ್ಸಿ ಮೇಲೆ ರಿಸರ್ವ್‌ನವರ ಬಿಬ್ ಹಾಕ್ಕೊಂಡು ಬೆಂಚ್ ಮೇಲೆ ಕೂತಿರ್ತೀನಿ. ಆಮೇಲೆ ಊರವರ ಮುಂದೆ ಡ್ಯಾಡಿ 'ಯಾಕಮ್ಮ ನಿನ್ನ ಆಡಿಸ್ಲಿಲ್ಲ' ಅಂತ ಕೇಳ್ತಾರಲ್ಲ, ಅದಕ್ಕೆ ಏನು ಹೇಳ್ಲಿ? ಸತ್ತೇ ಹೋಗ್ತೀನಿ."

ನನ್ನ ಕೈಗೆ ಅರವತ್ತು ವರ್ಷದ ಹಿಂದಿನ ಕಿತ್ತಳೆ ತಟ್ಟೆಯ ಭಾರ ಬಂದ ಹಾಗಾಯಿತು. ಥ್ರೋಬಾಲ್ ನೋಡಲು ಬಂದ ದಿನ ನಮ್ಮಪ್ಪನೂ ಅದನ್ನೇ ಕೇಳಿದ್ದರು. "ತಟ್ಟೆ ಚೆನ್ನಾಗಿ ಹಿಡ್ಕೊಂಡಿದ್ದೆ ಕಣಮ್ಮ," ಎಂದು ಆಮೇಲೆ ತಾವೇ ಸಮಾಧಾನವನ್ನೂ ಹೇಳಿದ್ದರು. ಅದು ಇನ್ನೂ ವರ್ಸ್ಟ್.

ನನ್ನ ತಮ್ಮನ ಮಗ, ಅಂದರೆ ಹುಡುಗಿಯ ಅಪ್ಪ, ಪ್ರೀತಿಯಲ್ಲಿ ಬುಲ್ಡೋಜರಿನಂಥವನು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವನ ಬಾಡಿಗೆ ಕಟ್ಟಡಗಳಿವೆ. ಫುಟ್‌ಬಾಲ್ ಬಗ್ಗೆ ಅವನಿಗೆ ಗೊತ್ತಿರುವುದು ಒಂದೇ, ಅದು ಕ್ರಿಕೆಟ್ ಅಲ್ಲ ಎಂದು. ಚಕ್ರವಿರುವುದೇನಾದರೂ ಮನೆಗೆ ಬಂದರೆ ದೃಷ್ಟಿ ತೆಗೆಯದೆ ಬಿಡುವವನಲ್ಲ. ವಾಷಿಂಗ್ ಮೆಷಿನ್ನಿನ ಸ್ಟ್ಯಾಂಡಿಗೆ ಪುಟ್ಟ ಚಕ್ರಗಳಿದ್ದವೆಂದು ಅವಕ್ಕೂ ನಿಂಬೆಹಣ್ಣು ಇಟ್ಟಿದ್ದ.

"ಬರೋದು ಬೇಡ ಕಣೋ, ಮಗು ನರ್ವಸ್ ಆಗ್ತಾಳೆ," ಎಂದೆ.

"ಅತ್ತೆ, ನೀವು ಸುಮ್ನಿರಿ. ದೇಶಕ್ಕೆ ಆಡ್ತಾ ಇದಾಳೆ. ದೃಷ್ಟಿ ಆಗಲ್ವಾ? ಬಸ್ಸಿಗೇ ತೆಗೆದುಬಿಡ್ತೀನಿ, ಇಡೀ ಟೀಮಿಗೆ ಒಂದೇ ಸಲ."

ಮ್ಯಾಚಿನ ಮಧ್ಯಾಹ್ನ ಹಲಸೂರಿನ ನನ್ನ ಮನೆಯ ಮುಂದೆ ಒಂದು ಮಿನಿ ಬಸ್ ನಿಂತಿತು. ಒಳಗೆ ಬಳಗವೆಲ್ಲ. ಒಂದು ಬೂದುಗುಂಬಳಕಾಯಿಗೆ ಪ್ರತ್ಯೇಕ ಸೀಟು. ನಮ್ಮ ಬೀದಿಯ ತಮಟೆಯವನನ್ನೂ ಹತ್ತಿಸಿಕೊಂಡರು. ನನ್ನನ್ನು ಕುಂಬಳಕಾಯಿಯ ಪಕ್ಕ ಕೂರಿಸಿದರು.

ಸ್ಟೇಡಿಯಮ್ಮಿನ ಗೇಟಿನ ಬಳಿ ಎರಡು ಬಸ್ಸು ನಿಂತಿದ್ದವು, ಒಂದು ಬಿಳಿ, ಒಂದು ನೀಲಿ. ನಮ್ಮವನು ಒಂದು ಕ್ಷಣವೂ ಯೋಚಿಸಲಿಲ್ಲ.

"ಇಂಡಿಯಾ ಜರ್ಸಿ ನೀಲಿ. ಬಸ್ಸೂ ನೀಲಿ. ಇಳೀರಿ ಎಲ್ಲ!"

ನೀಲಿ ಬಸ್ಸಿನ ಮುಂದೆ ಕುಂಬಳಕಾಯಿ ಒಡೆಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಬಿದ್ದವು. ಕರ್ಪೂರ ಹತ್ತಿತು, ತಮಟೆ ಎದ್ದಿತು. ಕಿಟಕಿಗಳಲ್ಲೆಲ್ಲ ಹುಡುಗಿಯರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಡ್ರೈವರ್ ನಮ್ಮ ಊರಿನವನೇ, ಅವನಾದರೂ ಹೇಳಬಹುದಿತ್ತು. ಆದರೆ ತನ್ನ ಗಾಡಿಗೆ ಪುಕ್ಕಟೆ ಪೂಜೆಯಾಗುತ್ತಿದ್ದರೆ ಯಾವ ಡ್ರೈವರ್ ಬಾಯಿ ಬಿಡುತ್ತಾನೆ? ಕೈಮುಗಿದು, ಗಾಡಿಯನ್ನು ನಾಲ್ಕಡಿ ಮುಂದಕ್ಕೆ ಬಿಟ್ಟು ನಿಂಬೆಹಣ್ಣನ್ನು ಪಚಕ್ಕೆನಿಸಿದ. ಹುಡುಗಿಯರು ಒಬ್ಬೊಬ್ಬರಾಗಿ ಇಳಿದ ಹಾಗೆ ನಮ್ಮವನ ಹೆಂಡತಿ ಹಣೆಗೆ ಕುಂಕುಮ ಹಚ್ಚಿದಳು. ಎಲ್ಲರೂ "ಥ್ಯಾಂಕ್ಯೂ ಆಂಟಿ" ಎಂದರು. ವೆರಿ ಗುಡ್ ಮ್ಯಾನರ್ಸ್.

"ನಮ್ಮ ಹುಡುಗಿ ಎಲ್ಲೋ? ಇವರ ಟ್ರ್ಯಾಕ್ ಸೂಟ್ ಕೆಂಪಿದೆಯಲ್ಲೋ," ಎಂದೆ.

"ಗೋಲ್‌ಕೀಪರ್‌ನ ಮೊದಲೇ ಒಳಗೆ ಕರ್ಕೊಂಡು ಹೋಗಿರ್ತಾರೆ ಅತ್ತೆ. ಇಂಪಾರ್ಟೆಂಟ್ ಅಲ್ವಾ?"

ಟೀಮುಗಳು ಮೈದಾನಕ್ಕೆ ಬಂದವು. ನೀಲಿ ಜರ್ಸಿಯ ನಮ್ಮ ಹುಡುಗಿಯರ ಹಣೆ ಬೋಳಾಗಿತ್ತು. ಎದುರಿನ ಕೆಂಪು ಜರ್ಸಿಯವರ ಹಣೆಯಲ್ಲೆಲ್ಲ ನಮ್ಮ ಮನೆಯ ಕುಂಕುಮ ಬಿಸಿಲಿಗೆ ಹೊಳೆಯುತ್ತಿತ್ತು.

ನಮ್ಮವನ ಹೆಂಡತಿ ಕುಂಕುಮದ ಭರಣಿಯನ್ನು ಮೆಲ್ಲಗೆ ಸೆರಗಿನಡಿ ಸೇರಿಸಿದಳು.

ಆಟ ಶುರುವಾಯಿತು. ನಮ್ಮವರು ಒದ್ದ ಬಾಲು ಕಂಬಕ್ಕೆ ಬಡಿದು ವಾಪಸ್ ಬಂತು. ಇನ್ನೊಮ್ಮೆ ಒದ್ದರು, ಮೇಲಿನ ಅಡ್ಡಪಟ್ಟಿಗೆ ಬಡಿಯಿತು. ಮತ್ತೊಮ್ಮೆ ಒದ್ದದ್ದು ಅವರ ಡಿಫೆಂಡರ್ ಒಬ್ಬಳ ಬೆನ್ನಿಗೆ ತಾಗಿ ಹೊರಗೆ ಹೋಯಿತು. ಅವಳು ಅತ್ತ ತಿರುಗಿ ನೋಡಿಯೂ ಇರಲಿಲ್ಲ.

ತಮ್ಮನ ಮಗ ನನ್ನ ಕಿವಿಯ ಹತ್ತಿರ ಬಗ್ಗಿದ. "ಅತ್ತೆ, ನಿಂಬೆಹಣ್ಣು ಕೆಲಸ ಮಾಡ್ತಾ ಇದೆ."

"ಶ್," ಎಂದೆ.

ಅಷ್ಟರಲ್ಲಿ ಅವರು ಒಂದು ಗೋಲು ಹಾಕಿಯೂಬಿಟ್ಟರು. ನಮ್ಮ ಹುಡುಗಿ ದೂರದ ಬೆಂಚಿನಲ್ಲಿ ಕಿತ್ತಳೆ ಬಣ್ಣದ ಬಿಬ್ ಹಾಕಿಕೊಂಡು ಕೂತಿದ್ದಳು. ಕಿತ್ತಳೆಯೇ ಆಗಬೇಕಿತ್ತೇ, ಮೈ ಗಾಡ್. ತಲೆ ಬಗ್ಗಿಸಿ ಗ್ಲೌಸಿನ ಪಟ್ಟಿಯನ್ನು ಬಿಚ್ಚುತ್ತಿದ್ದಳು, ಹಾಕುತ್ತಿದ್ದಳು. ನಮ್ಮ ಕಡೆ ಒಮ್ಮೆಯೂ ನೋಡಲಿಲ್ಲ. ಹಿಂದಿನ ಸಾಲಿನಿಂದ ಬಳಗದ ಹಿರಿಯರೊಬ್ಬರು ಕೇಳಿಯೇ ಬಿಟ್ಟರು, "ಏನಪ್ಪಾ, ಮಗಳನ್ನ ಕೂರಿಸೋಕೆ ಇಷ್ಟು ದೂರ ಕರ್ಕೊಂಡು ಬಂದಿದ್ದಾರಾ?" ತಮ್ಮನ ಮಗನ ಕುತ್ತಿಗೆ ಕೆಂಪಾಯಿತು. ಸಂಜೆ ಊಟದ ಹೊತ್ತಿಗೆ ಆ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ವಿಶಲ್ ಆಯಿತು, ಆಡುವವರೆಲ್ಲ ಒಳಗೆ ಹೋದರು. ಬೆಂಚಿನವರು ಕೈಕಾಲು ಸಡಿಲಿಸಲೆಂದು ಖಾಲಿ ಮೈದಾನಕ್ಕಿಳಿದರು. ನಮ್ಮ ಹುಡುಗಿ ಬಿಬ್ ತೆಗೆದು ನೇರ ಗೋಲಿನ ಮುಂದೆ ಹೋಗಿ ನಿಂತಳು. ಒಬ್ಬಳು ಗೆಳತಿ ಮೆಲ್ಲಗೆ ಬಾಲು ಒದ್ದಳು, ಇವಳು ಹಿಡಿದಳು.

ತಮ್ಮನ ಮಗ ಎದ್ದು ನಿಂತ. "ಅತ್ತೆ! ಇಳಿಸಿದ್ರು! ಇಳಿಸಿದ್ರಲ್ವಾ?"

ಹಲಸೂರಿಗೆ ಮದುವೆಯಾಗಿ ಬಂದು, ಪ್ರತಿ ಭಾನುವಾರ ಫುಟ್‌ಬಾಲ್ ಮೈದಾನದ ಪಕ್ಕದಲ್ಲೇ ಮಾರ್ಕೆಟ್ಟಿಗೆ ಹೋದವಳು ನಾನು. ಹಾಫ್ ಟೈಮ್ ಅಂದರೇನೆಂದು ನನಗೆ ತಿಳಿಯದೇ? ಸಿಸ್ಟರ್ ಹೇಳಿದ ಸಣ್ಣ ಪಾಪ ನೆನಪಾಯಿತು.

"ಇಳಿಸಿದ್ರು ಕಣೋ," ಎಂದೆ.

ತಮಟೆಯವನು ನನ್ನತ್ತ ಬಗ್ಗಿದ. "ಅಮ್ಮಾ, ಇದು ಹಾಫ್ ಟೈಮ್ ಮಾ. ಚುಮ್ಮಾ, ಟೈಂಪಾಸಿಗೆ ಒದೀತಾ ಇದಾರೆ."

"ಗೊತ್ತಪ್ಪ. ನೀನು ಬಡಿ."

ಅವನು ನನ್ನ ಮುಖ ನೋಡಿದ, ಗೋಲಿನ ಮುಂದಿದ್ದ ಹುಡುಗಿಯ ಕಡೆ ನೋಡಿದ. "ಸರಿ ಮಾ," ಎಂದವನೇ ಕರಗ ಹೊರಟ ಹಾಗೆ ಬಡಿದ.

ಹುಡುಗಿ ಬೆಚ್ಚಿ ನಮ್ಮತ್ತ ನೋಡಿದಳು. ಎರಡೂ ಗ್ಲೌಸಿನಲ್ಲಿ ಮುಖ ಮುಚ್ಚಿಕೊಂಡಳು. ಮುಗಿಯಿತು, ಇನ್ನು ಈ ಜನ್ಮದಲ್ಲಿ ನನಗೆ ಫೋನ್ ಮಾಡುವುದಿಲ್ಲ ಎಂದುಕೊಂಡೆ. ಆದರೆ ಗೆಳತಿಗೆ ತಮಟೆಯ ಹುಮ್ಮಸ್ಸು ಏರಿತ್ತು. ಈ ಸಲ ಜೋರಾಗಿ ಮೂಲೆಗೆ ಒದ್ದಳು. ನಮ್ಮ ಹುಡುಗಿ ಮುಖದಿಂದ ಕೈ ತೆಗೆದು ಹಾರಿದಳು. ಪೂರ್ತಿ ಅಡ್ಡಲಾಗಿ, ಬೆರಳ ತುದಿಯಲ್ಲಿ ಬಾಲನ್ನು ತಳ್ಳಿ ಹುಲ್ಲಿನ ಮೇಲೆ ಉರುಳಿದಳು.

ಬಳಗ ಕಿರುಚಿತು. ಮುಂದಿನ ಸಾಲುಗಳಲ್ಲಿದ್ದ ಹಲಸೂರಿನ ಫುಟ್‌ಬಾಲ್ ಹುಚ್ಚರು ಹಿಂದಕ್ಕೆ ತಿರುಗಿದರು. ಅವರಿಗೆ ವಿಷಯ ಹೊಳೆಯಿತು, ಅವರೂ ಎದ್ದು ನಿಂತರು. "ಇನ್ನೊಂದು! ಇನ್ನೊಂದು, ಮಗಾ!" ಚಹಾಕ್ಕೆ ಹೊರಟವರು ವಾಪಸ್ ಬಂದರು. ಹುಲ್ಲಿಗೆ ನೀರು ಬಿಡುತ್ತಿದ್ದವನು ಪೈಪು ಕೆಳಗೆ ಹಾಕಿ ಚಪ್ಪಾಳೆ ತಟ್ಟಿದ. ಹುಡುಗಿ ಎಡಕ್ಕೆ ಹಾರಿದಳು, ಬಲಕ್ಕೆ ಹಾರಿದಳು, ಒಂದು ಬಾಲನ್ನು ಎದೆಗವುಚಿಕೊಂಡು ಕೂತಲ್ಲೇ ನಕ್ಕಳು. ಒಂದೇ ಒಂದು ಗೋಲು ಬಿಡಲಿಲ್ಲ.

ಹುಡುಗಿ ಮತ್ತೆ ಬೆಂಚಿಗೆ ಹೋದಾಗ ನಮ್ಮವನು ಬಳಗಕ್ಕೆಲ್ಲ "ಅವಳ ಪಾಳಿ ಮುಗೀತು" ಎಂದು ವಿವರಿಸಿದ. ಆಮೇಲಿನ ಆಟದಲ್ಲಿ ಏನೂ ಆಗಲಿಲ್ಲ. ಒಂದು ಗೋಲಿನಿಂದ ಸೋತೆವು. ಹೊರಗೆ ಬಂದಾಗ ನೀಲಿ ಬಸ್ಸಿನ ಡ್ರೈವರ್ ನಮ್ಮವನಿಗೆ ಮತ್ತೊಮ್ಮೆ ಕೈಮುಗಿದ. ನಮ್ಮವನು ಮೊಬೈಲಿನಲ್ಲಿ ಏನೋ ಹುಡುಕುವ ಹಾಗೆ ನಟಿಸಿದ.

ಸಂಜೆ ಹುಡುಗಿ ಊಟಕ್ಕೆ ನನ್ನ ಮನೆಗೆ ಬಂದಳು. ಬಾಗಿಲಲ್ಲೇ ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು, "ಅಜ್ಜಿ, ಅದು ವಾರ್ಮಪ್ಪು."

"ಹಾರಿದ್ದು ನಿಜ ತಾನೇ? ಹುಲ್ಲಲ್ಲಿ ಉರುಳಿ ನಿನ್ನ ಗ್ಲೌಸ್ ಒದ್ದೆಯಾಗಿತ್ತಾ ಇಲ್ವಾ? ಉಣ್ಣು."

ಅವಳ ಅಪ್ಪ ಎದುರು ಕೂತು ಬಾಯಿ ತೆರೆದ. ಹುಡುಗಿಯ ಕೈ ಅನ್ನದಲ್ಲೇ ನಿಂತಿತು.

"ನೋಡಮ್ಮ," ಎಂದ, ತಗ್ಗಿದ ದನಿಯಲ್ಲಿ. "ಆ ಬಸ್ಸಿನ ವಿಷ್ಯ ನಿಮ್ಮ ಕೋಚಿಗೆ ಹೇಳ್ಬೇಡ. ನನ್ನಿಂದ ನಿಂಗೆ ಕೆಟ್ಟ ಹೆಸರು ಬರೋದು ಬೇಡ."

"ಹೇಳಲ್ಲ ಡ್ಯಾಡಿ," ಎಂದಳು ಹುಡುಗಿ, ತುಂಬಾ ಗಂಭೀರವಾಗಿ. ಇನ್ನಷ್ಟು ಅನ್ನ ಹಾಕಿಸಿಕೊಂಡಳು. ಯಾಕೆ ಆಡಿಸಲಿಲ್ಲ ಎಂಬ ಆ ಪ್ರಶ್ನೆ ಅವನ ಬಾಯಿಗೆ ಬರಲೇ ಇಲ್ಲ.

ಎರಡು ದಿನಕ್ಕೆ ಕಗ್ಗದಾಸಪುರದ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. "ಒಂದೂ ಗೋಲು ಬಿಡದ ನಮ್ಮೂರ ಹೆಮ್ಮೆಯ ಮಗಳು." ನಡುವೆ ಅವಳು ಅಡ್ಡಲಾಗಿ ಹಾರಿದ ಚಿತ್ರ. ಸರಿಯಾಗಿ ನೋಡಿದರೆ ಅವಳ ಹಿಂದೆ ಪೈಪು ಹಿಡಿದವನೊಬ್ಬ ಹುಲ್ಲಿಗೆ ನೀರು ಬಿಡುತ್ತಿದ್ದಾನೆ. ಕೆಳಗಿನ ಮೂಲೆಯಲ್ಲಿ, ಪ್ರಿಂಟ್ ಮಾಡುವವನು ತನಗೆ ಕೊಟ್ಟ ಫೋಟೋಗಳನ್ನೆಲ್ಲ ಹಾಕಿದ್ದರಿಂದ, ಒಡೆದ ಕುಂಬಳಕಾಯಿಯ ಸಮೇತ ಆ ನೀಲಿ ಬಸ್ಸು.

ಕಾರ್ಪೊರೇಷನ್ನಿನವರು ಬಂದು ಇನ್ನೂ ಕಿತ್ತಿಲ್ಲ. ಆ ದಾರಿಯಲ್ಲಿ ಹೋಗುವುದಿದ್ದರೆ ಆಟೋದವನಿಗೆ ಸ್ವಲ್ಪ ಸ್ಲೋ ಮಾಡಪ್ಪ ಎನ್ನುತ್ತೇನೆ.