ಸಮುದ್ರದ ಕಡೆಯ ಬಾಗಿಲು

ಒಂದು ಮನೆಯವರು ಹೇಗೆ ಬದುಕುತ್ತಿದ್ದಾರೆ ಎಂದು ತಿಳಿಯಲು ಅವರನ್ನು ಮಾತನಾಡಿಸಬೇಕಾಗಿಲ್ಲ, ಅವರ ಬಾಗಿಲಿನ ಬೀಗ ನೋಡಿದರೆ ಸಾಕು ಎನ್ನುವುದು ಬೀಗದಣ್ಣನ ನಂಬಿಕೆ. ನಂಬಿಕೆ ಎಂದರೆ ಅವನಿಗೆ ಸಿಟ್ಟು ಬರುತ್ತದೆ. ಅವನು ಅದನ್ನು ಶಾಸ್ತ್ರ ಎನ್ನುತ್ತಾನೆ.

ಮಾರುಕಟ್ಟೆ ರಸ್ತೆಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ಆರಡಿ ಉದ್ದ, ನಾಲ್ಕಡಿ ಅಗಲ. ಮರೆತು ಎದ್ದು ನಿಂತರೆ ಹನ್ನೊಂದನೇ ಮೆಟ್ಟಿಲು ನೆತ್ತಿಗೆ ಬಡಿದು ನೆನಪಿಸುತ್ತದೆ. ಅಲ್ಲಿ ಕೂತು ಮೂವತ್ತೊಂದು ವರ್ಷಗಳಿಂದ ಅವನು ಬೀಗಗಳ ಹೊಟ್ಟೆ ಬಗೆದಿದ್ದಾನೆ, ಕೀಗಳಿಗೆ ಅರ ಹಾಕಿದ್ದಾನೆ. ಯಾರಾದರೂ ಮುರಿದ ಕೀ ತಂದರೆ ಅದನ್ನು ಬಲ್ಬಿನ ಎದುರು ಹಿಡಿದು, ಒಂದು ಕಣ್ಣು ಮುಚ್ಚಿ, "ನೀವು ಬಹಳ ಅವಸರದ ಮನುಷ್ಯರು. ಬೀಗ ತಿರುಗೋ ಮೊದಲೇ ಬಾಗಿಲು ತಳ್ತೀರಿ" ಎನ್ನುತ್ತಾನೆ. ಗಿರಾಕಿ ಬಾಯಿಬಿಟ್ಟುಕೊಂಡು ನೋಡುತ್ತಾನೆ.

"ಕೀ ಮುರ್ಕೊಂಡು ಬರೋರೆಲ್ಲ ಅವಸರದವರೇ ಅಲ್ವಾ ಅಪ್ಪಾ? ಇದನ್ನ ಹೇಳೋಕೆ ಶಾಸ್ತ್ರ ಬೇಕಾ?" ಎಂದು ಒಮ್ಮೆ ಕೇಳಿದ್ದು ಅವನ ಮಗಳು ಮಾತ್ರ. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಕಹಿಯನ್ನು ಅಳತೆ ಮಾಡಿ ಕೊಡುವುದು ಅವಳಿಗೆ ರೂಢಿ.

ಬೀಗದಣ್ಣನೂ ಅವನ ತಮ್ಮನೂ ಸೇರಿ ಸಮುದ್ರದ ಬಳಿ ಒಂದು ಪುಟ್ಟ ಮನೆ ಕೊಳ್ಳಬೇಕೆಂದು ಎಷ್ಟೋ ವರ್ಷಗಳಿಂದ ಮಾತಾಡಿಕೊಂಡಿದ್ದರು. ರಜೆ ಬಂದರೆ ಎರಡೂ ಸಂಸಾರ ಅಲ್ಲಿಗೆ ಹೋಗಿ ಇರಬೇಕು, ಮಕ್ಕಳು ಮರಳಿನಲ್ಲಿ ಬಿದ್ದು ಹೊರಳಬೇಕು. ಈ ವರ್ಷ ಅದು ಕೈಗೆಟುಕುವ ಹಾಗಾಯಿತು. ಶಾಲೆಯ ವ್ಯಾನು ಓಡಿಸುವ ತಮ್ಮ, "ಜಾಗ ಎಲ್ಲಿ ಅಂತ ನೀನೇ ಆರಿಸಿಬಿಡು ಅಣ್ಣ. ನಿನ್ನ ಮಾತೇ ಕೊನೆ" ಎಂದ. ತಮ್ಮ ಅದನ್ನು ಹೇಳಿದ್ದು ಸೋಮಾರಿತನದಿಂದ. ಬೀಗದಣ್ಣ ಮಾತ್ರ ಯಾರೋ ತನ್ನನ್ನು ಹೈಕೋರ್ಟಿಗೆ ನೇಮಿಸಿದ ಹಾಗೆ ತೆಗೆದುಕೊಂಡ. ಮಾರನೆಯ ದಿನವೇ ಒಂದು ನೋಟ್‌ಬುಕ್ಕು ಕೊಂಡು ಹದಿನೇಳು ಕಾಲಂ ಎಳೆದ. ಗೋಡೆಯ ತೇವ, ನೀರಿನ ಒತ್ತಡ, ಪಕ್ಕದ ಮನೆಯ ನಾಯಿಯ ಗಂಟಲು, ಎಲ್ಲಕ್ಕೂ ಅಂಕ.

ಅವನ ಹೆಂಡತಿಯ ಬಳಿ ಇದ್ದದ್ದು ಒಂದೇ ಕಾಲಂ.

ಅವಳು ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಹಳೇ ಕಡತಗಳ ಕೋಣೆ ನೋಡಿಕೊಳ್ಳುತ್ತಾಳೆ. ಇಪ್ಪತ್ತನಾಲ್ಕು ವರ್ಷಗಳಿಂದ ಅದೇ ಟ್ಯೂಬ್‌ಲೈಟು, ಅದೇ ಕಬ್ಬಿಣದ ಕಪಾಟುಗಳು. ಹೊರಗೆ ಮಳೆಯೋ ಬಿಸಿಲೋ ಎನ್ನುವುದು ಅವಳಿಗೆ ತಿಳಿಯುವುದು ಮೇಲಿನಿಂದ ಇಳಿದು ಬಂದವರ ಚಪ್ಪಲಿ ನೋಡಿ. ಮನೆಗೆ ಬಂದು ಕಿಟಕಿ ತೆಗೆದರೆ ಪಕ್ಕದವರ ಗೋಡೆ ಮತ್ತು ಅದಕ್ಕೆ ಅಂಟಿಕೊಂಡ ಬಚ್ಚಲಿನ ಪೈಪು. ಕೈ ಚಾಚಿದರೆ ಮುಟ್ಟಬಹುದು. ಮನೆಯ ಮಾತು ಬಂದಾಗ ಅವಳು ಒಂದೇ ಸಲ ಹೇಳಿದ್ದಳು: "ನನಗೆ ಬೇರೇನೂ ಬೇಡ ರೀ. ಕಿಟಕಿ ತೆಗೆದ್ರೆ ಸಮುದ್ರ ಕಾಣಬೇಕು. ಅಷ್ಟೇ."

"ಬರ್ಕೊಂಡಿದ್ದೀನಿ" ಎಂದಿದ್ದ ಅವನು. ಬರೆದುಕೊಂಡಿದ್ದೂ ನಿಜ. ಹನ್ನೆರಡನೇ ಕಾಲಂ: 'ನೋಟ'. ಹನ್ನೊಂದನೆಯದು 'ಚರಂಡಿ'.

ಭಾನುವಾರ ವ್ಯಾನು ಹೊರಟಿತು. ತಮ್ಮನ ಹೆಂಡತಿ, ಮಕ್ಕಳ ಪರೀಕ್ಷೆ ಎಂದು ಮನೆಯಲ್ಲೇ ಉಳಿದಳು. ಹೊರಟವರು ನಾಲ್ಕೇ ಜನ. ಆದರೂ ತಮ್ಮ ಅಭ್ಯಾಸಬಲದಿಂದ ತಲೆ ಎಣಿಸಿ, "ಎಲ್ಲರೂ ಬಾತ್‌ರೂಮಿಗೆ ಹೋಗಿ ಬಂದ್ರಾ?" ಎಂದು ಕೇಳಿಯೇ ಗೇರು ಹಾಕಿದ. ಬೀಗದಣ್ಣನ ಹೆಂಡತಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಮರಳಿಗೆಂದೇ ಕೊಂಡ ರಬ್ಬರು ಚಪ್ಪಲಿ, ಮಡಿಲಲ್ಲಿ ಚಹಾದ ಫ್ಲಾಸ್ಕು. ಎರಡು ಗಂಟೆಯ ದಾರಿಯಲ್ಲಿ ಅವಳು "ಇನ್ನೆಷ್ಟು ದೂರ?" ಎಂದು ಕೇಳಿದ ಲೆಕ್ಕ ಶಾಲೆಯ ಮಕ್ಕಳನ್ನೂ ನಾಚಿಸುವಂತಿತ್ತು.

ತಿರುವಿನಲ್ಲಿ ನೀಲಿಯ ಒಂದು ಗೆರೆ ಕಂಡಿತು.

"ಕಂಡ್ತು! ಕಂಡ್ತು ರೀ!" ಎಂದು ಅವಳು ಕೂಗಿದ ರಭಸಕ್ಕೆ ತಮ್ಮ ಬ್ರೇಕು ಒತ್ತಿಬಿಟ್ಟ.

"ಅತ್ತಿಗೆ, ಅದು ಎಲ್ಲೂ ಓಡಿಹೋಗಲ್ಲ! ನಾವು ಹೋಗ್ತೀವಿ ನೋಡಿ ಹಳ್ಳಕ್ಕೆ!"

ಮನೆ ತೋರಿಸುವ ದಲ್ಲಾಳಿ ಅಗಲ ಟೋಪಿಯ ಒಬ್ಬ ಹೆಂಗಸು. ಮಾತು ಕಡಿಮೆ, ನಡಿಗೆ ಜೋರು. "ಎರಡು ಮನೆ ಇದೆ. ಎರಡನೇದನ್ನ ನೋಡೋಕೆ ಮೂರು ಗಂಟೆಗೆ ಇನ್ನೊಂದು ಪಾರ್ಟಿ ಬರ್ತಿದೆ. ಬೇಕಂದ್ರೆ ಅದರೊಳಗೆ ಹೇಳಿಬಿಡಿ. ಆಮೇಲೆ ನನ್ನ ಬೈಕೊಂಡ್ರೆ ಪ್ರಯೋಜನ ಇಲ್ಲ" ಎಂದಳು.

ಮೊದಲನೆಯದು ಪೇಟೆಯ ಹಿಂದಿನ ಬೀದಿಯಲ್ಲಿತ್ತು. ಬಾಗಿಲಿಗೆ ಹಿತ್ತಾಳೆಯ ಬೀಗ, ಫಳಫಳ ಹೊಳೆಯುತ್ತಿತ್ತು. ಬೀಗದಣ್ಣ ಕೀ ಹಾಕಿ ತಿರುಗಿಸಿದ, ಮುಚ್ಚಿದ, ಮತ್ತೆ ತಿರುಗಿಸಿದ. "ಬೆಣ್ಣೆ! ನೋಡು, ಬೆಣ್ಣೆ! ವಾರಕ್ಕೊಂದು ಸಲ ಎಣ್ಣೆ ಕಂಡಿದೆ. ಇದು ಜನ ಬದುಕೋ ಬೀದಿ."

ಅವನ ಹೆಂಡತಿ ಒಳಗೆ ಹೋಗಿ ಕಿಟಕಿ ತೆಗೆದಳು. ಎದುರಿಗೆ ಪಂಚರ್ ಅಂಗಡಿಯ ತಗಡಿನ ಮಾಡು, ಅದರ ಮೇಲೆ ಒಂಬತ್ತು ಟೈರು. ಮುಚ್ಚಿದಳು.

"ಹೇಗಿದೆ?"

"ಚೆನ್ನಾಗಿದೆ" ಎಂದಳು, ಆಸ್ಪತ್ರೆ ಕ್ಯಾಂಟೀನಿನ ಚಹಾಕ್ಕೆ ಹೇಳುವ ದನಿಯಲ್ಲಿ.

ಎರಡನೆಯದು ಸಮುದ್ರದ ಅಂಚಿನ ಸಾಲಿನಲ್ಲಿತ್ತು. ರಸ್ತೆ ಎತ್ತರದಲ್ಲಿದ್ದರಿಂದ ಅಲ್ಲಿಂದ ಹೆಂಚಿನ ಮಾಡುಗಳಷ್ಟೇ ಕಾಣುತ್ತಿದ್ದವು. ದಲ್ಲಾಳಿ ಕೈ ತೋರಿಸಿದಳು: "ಅಗೋ, ಅಲ್ಲಿ ಒಂದೇ ಗೋಡೆಗೆ ಅಂಟಿಕೊಂಡ ಜೋಡಿ ಮನೆ ಇದೆಯಲ್ಲ, ಅದರಲ್ಲಿ ಎಡಗಡೇದು. ಕೀ ಮನೆಯವರ ಹತ್ತಿರ ಇದೆ, ತರ್ತೀನಿ. ಅಷ್ಟರಲ್ಲಿ ನೀವು ಸಾಲಿನ ಆಚೆ ತುದಿಯ ಕಾಲುದಾರಿಯಲ್ಲಿ ಮರಳಿಗಿಳಿದು ಸುತ್ತಾಡಿಕೊಂಡಿರಿ."

ಮರಳಿಗೆ ಇಳಿದದ್ದೇ ತಡ, ಬೀಗದಣ್ಣನ ಹೆಂಡತಿ ಹೊಸ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಓಡಿದಳು ಎಂದರೆ ನಿಜವಾಗಿಯೂ ಓಡಿದಳು. ಮಗಳು ಹುಟ್ಟಿದಾಗಿನಿಂದ ತಾಯಿ ಓಡಿದ್ದನ್ನು ನೋಡಿರಲಿಲ್ಲ. ಪ್ಯಾಂಟು ಮಡಚಿಕೊಂಡು ಪಾದ ಮಾತ್ರ ನೆನೆಸುತ್ತೇನೆಂದು ಇಳಿದ ತಮ್ಮ ಸೊಂಟದವರೆಗೆ ನೆನೆದು ನಿಂತ. ಅಲೆ ಬಂದಾಗಲೆಲ್ಲ ಮೂವರೂ ಕಿರುಚಿದರು. ಇಡೀ ದಂಡೆಯಲ್ಲಿ ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಂತಿದ್ದವನು ಬೀಗದಣ್ಣ ಒಬ್ಬನೇ.

ಅವನು ಬೀಗ ನೋಡುತ್ತಿದ್ದ.

ಸಾಲಿನಲ್ಲಿ ಹದಿನಾಲ್ಕು ಮನೆ. ಹದಿನಾಲ್ಕಕ್ಕೂ ಸಮುದ್ರದ ಕಡೆಗೆ ಮುಂಬಾಗಿಲು, ಹದಿನಾಲ್ಕು ಬಾಗಿಲಿಗೂ ಹೊರಗಿನಿಂದ ಬೀಗ. ಕಿಟಕಿಗಳೆಲ್ಲ ಮುಚ್ಚಿದ್ದವು. ಬೀಗಗಳ ಸ್ಥಿತಿಯಂತೂ ನೋಡಲಾರದಂಥದ್ದು. ತುಕ್ಕು ಪದರಪದರವಾಗಿ ಎದ್ದು ಕೊಂಡಿ ಯಾವುದು, ಒಡಲು ಯಾವುದು ತಿಳಿಯುತ್ತಿರಲಿಲ್ಲ. ಒಂದರ ಕಿಂಡಿಯಲ್ಲಿ ಕಣಜ ಗೂಡು ಕಟ್ಟಿತ್ತು. ಬೀಗದಣ್ಣ ಹದಿನಾಲ್ಕನ್ನೂ ಪರೀಕ್ಷಿಸಿ, ಪೆನ್ನಿನ ಕ್ಯಾಪು ಮುಚ್ಚಿ, ಸಾವಿನ ಸುದ್ದಿ ಹೇಳುವ ಡಾಕ್ಟರನಂತೆ ಮುಖ ಮಾಡಿಕೊಂಡು ಬಂದ.

"ಈ ಬೀದಿ ಬೇಡ."

"ಯಾಕ್ರೀ?" ಅವಳ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸತ್ತ ಬೀದಿ ಇದು. ಇಲ್ಲಿ ಜನ ಆಸೆಪಟ್ಟು ಮನೆ ತಗೋತಾರೆ, ಒಂದು ವರ್ಷ ಬರ್ತಾರೆ, ಆಮೇಲೆ ಮರ್ತೇ ಬಿಡ್ತಾರೆ. ಆರೇಳು ವರ್ಷದಿಂದ ಒಂದು ಬೀಗಕ್ಕೂ ಕೀ ಹಾಕಿಲ್ಲ. ನಾಳೆ ನಾವೂ ಅಷ್ಟೇ. ರಾತ್ರಿ ಹುಷಾರು ತಪ್ಪಿದ್ರೆ ಕೂಗಿ ಕರೆಯೋಕೆ ಒಬ್ಬರೂ ಇರಲ್ಲ. ಹಿಂದಿನ ಬೀದಿ ಮನೇನೇ ಸರಿ. ಅದು ನನ್ನ ತೀರ್ಮಾನ."

ತಮ್ಮ ಅತ್ತಿಗೆಯ ಮುಖ ನೋಡಿದ, ಅಣ್ಣನ ಮುಖ ನೋಡಿದ, ಕೊನೆಗೆ ತನ್ನ ಒದ್ದೆ ಪ್ಯಾಂಟು ನೋಡಿಕೊಂಡ.

"ಸರಿ ಬಿಡಿ" ಎಂದಳು ಅವಳು. ಮರಳಿನ ಮೇಲೆ ಕೂತು, ಪಾದದ ಮರಳನ್ನು ಒಂದೊಂದಾಗಿ ಎನ್ನುವಷ್ಟು ನಿಧಾನವಾಗಿ ಒರೆಸಿ, ಚಪ್ಪಲಿ ಹಾಕಿಕೊಂಡಳು. ಸಮುದ್ರದ ಕಡೆ ಮತ್ತೆ ತಿರುಗಲಿಲ್ಲ.

ಮಗಳು ತಂದೆಯ ಹತ್ತಿರ ಬಂದು ನಿಂತಳು. "ಅಮ್ಮ 'ಸರಿ ಬಿಡಿ' ಅಂದ್ರೆ ಏನರ್ಥ ಅಂತ ಯಾವ ಬೀಗ ಹೇಳತ್ತೆ ಅಪ್ಪಾ?"

ಬೀಗದಣ್ಣನಿಗೆ ಇದು ಚುಚ್ಚಿತು. ತಾನೇನು ಹಟಕ್ಕೆ ಹೇಳಿದ್ದೇ? ಶಾಸ್ತ್ರ ಹೇಳಿದ್ದನ್ನು ಹೇಳಿದ್ದು. ಅವಳಿಗೆ ಕಣ್ಣಾರೆ ತೋರಿಸಿದರೆ ಬೇಸರ ಇಳಿಯುತ್ತದೆ ಎಂದುಕೊಂಡ. "ಬನ್ನಿ ಎಲ್ಲರೂ! ನಮಗೆ ತೋರಿಸ್ತಿರೋ ಮನೆ ತಾನೇ? ತೆಗೆದೇ ತೋರಿಸ್ತೀನಿ. ಒಳಗೆ ಬಾವಲಿ ಇಲ್ಲದಿದ್ರೆ ಕೇಳಿ!"

ಜೋಡಿ ಮನೆಗಳ ಎದುರು ನಿಂತು ಎಡಗಡೆಯದರ ಮೆಟ್ಟಿಲು ಹತ್ತಿದ. ಚೀಲದಿಂದ ಎಣ್ಣೆ ಡಬ್ಬಿ, ಕೊಕ್ಕೆ ತಂತಿ, ಪುಟ್ಟ ಸುತ್ತಿಗೆ ಹೊರಬಂದವು. ಮದುವೆಗೆ ಕರೆದರೂ ಅವನು ಈ ಚೀಲ ಬಿಟ್ಟು ಹೋದವನಲ್ಲ. ಅಂಗಡಿಯಲ್ಲಾದರೆ ಬೇರೆಯವರ ಬೀಗ ಮುಟ್ಟುವ ಮೊದಲು ಮೂರು ಸಲ ಬಾಗಿಲು ತಟ್ಟಬೇಕೆಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ. ಇಲ್ಲಿ ತಟ್ಟಲಿಲ್ಲ. ಹೊರಗೆ ಬೀಗ ಬಿದ್ದ ಮೇಲೆ ಒಳಗೆ ಯಾರಿಗೆಂದು ತಟ್ಟುವುದು?

ಅಲೆಗಳ ಅಬ್ಬರದಲ್ಲಿ ಸುತ್ತಿಗೆಯ ಸದ್ದು ಅವನ ಕಿವಿಗೇ ಬೀಳುತ್ತಿರಲಿಲ್ಲ. ಹದಿನೈದು ನಿಮಿಷ ಬೆವರು ಹರಿಸಿದ ಮೇಲೆ ಬೀಗ ಒಮ್ಮೆ ಕೆಮ್ಮಿ ಬಾಯಿಬಿಟ್ಟಿತು. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಬೀಗದಣ್ಣ ಭುಜ ಕೊಟ್ಟು ತಳ್ಳುತ್ತಲೇ ಹಿಂದೆ ತಿರುಗಿ ಭಾಷಣ ಶುರುಮಾಡಿದ: "ನೋಡಿ, ಆರೇಳು ವರ್ಷದಿಂದ ಇಲ್ಲಿ ಒಂದು ನರಪಿಳ್ಳೆ ಕೂಡ—"

ಬಾಗಿಲು ಧಡಾರನೆ ತೆರೆದುಕೊಂಡಿತು.

ಒಳಗೆ ಉದ್ದನೆಯ ಮೇಜು. ಮೇಜಿನ ಸುತ್ತ ಒಂಬತ್ತು ಜನ ಊಟಕ್ಕೆ ಕೂತಿದ್ದರು. ಒಂಬತ್ತು ಕೈಗಳು ತಟ್ಟೆಗೂ ಬಾಯಿಗೂ ನಡುವೆ ನಿಂತಿದ್ದವು.

ಸಮುದ್ರ ಮಾತ್ರ ಒಳಗೆ ನುಗ್ಗಿ ಸದ್ದು ಮಾಡಿತು.

ಮೇಜಿನ ತುದಿಯಲ್ಲಿದ್ದ ಅಜ್ಜಿಯೊಬ್ಬಳು ನಿಧಾನವಾಗಿ ಎದ್ದು ಬಂದಳು. ಬೀಗದಣ್ಣನ ಕೈಯಲ್ಲಿದ್ದ ಬೀಗ ತೆಗೆದುಕೊಂಡು ತಿರುಗಿಸಿ ನೋಡಿದಳು. "ಯಾರಪ್ಪಾ ನೀನು?"

"ನಾನು... ಬೀಗ... ಮನೆ ನೋಡೋಕೆ..."

"ಆರು ವರ್ಷ!" ಅಜ್ಜಿ ಮೇಜಿನ ಕಡೆ ತಿರುಗಿದಳು. "ಆರು ವರ್ಷದಿಂದ ಈ ಬಾಗಿಲು ತೆಗೀರೋ, ಒಂಚೂರು ಗಾಳಿ ಬರಲಿ ಅಂತ ಬಡ್ಕೋತಿದ್ದೀನಿ. ನಿಮ್ಮಲ್ಲಿ ಒಬ್ಬನ ಕೈಲೂ ಆಗಲಿಲ್ಲ. ದಾರಿಹೋಕ ಬಂದು ತೆಗೀಬೇಕಾಯ್ತು!"

"ದಾರಿಹೋಕ ಅಲ್ಲ ಅಜ್ಜಿ" ಎಂದ ಬೀಗದಣ್ಣ. ಆ ಸ್ಥಿತಿಯಲ್ಲೂ ಅದೊಂದನ್ನು ತಿದ್ದದೆ ಇರಲಾಗಲಿಲ್ಲ. "ಮೂವತ್ತೊಂದು ವರ್ಷದ ಅನುಭವ. ಆದ್ರೆ... ನೀವು ಒಳಗೆ ಹೇಗೆ ಬಂದ್ರಿ?"

"ಹಿಂದಿನ ಬಾಗಿಲಿಂದ. ಮತ್ತೆ ಹೇಗೆ ಬರ್ತಾರೆ? ಉಪ್ಪುಗಾಳಿ ಕಣಪ್ಪ. ಈ ಕಡೆ ಯಾವ ಬೀಗ ಹಾಕಿದ್ರೂ ಒಂದೇ ಮಳೆಗಾಲ. ಈ ಸಾಲಲ್ಲಿ ಮುಂಬಾಗಿಲಲ್ಲಿ ಓಡಾಡೋ ಮನೆ ಒಂದೂ ಇಲ್ಲ. ಕಿಟಕಿನೂ ಅಷ್ಟೆ, ಬಿಸಿಲು ಇಳಿದ ಮೇಲೇ ತೆಗೆಯೋದು. ಬಾ ಇಲ್ಲಿ."

ಅಜ್ಜಿ ಅವನ ರಟ್ಟೆ ಹಿಡಿದು ಮನೆಯೊಳಗಿಂದಲೇ ಹಿಂಬಾಗಿಲಿಗೆ ಕರೆದೊಯ್ದಳು. ಹಿಂದಿನ ಓಣಿ ಸಂತೆಯಂತಿತ್ತು. ಸಾಲು ಸೈಕಲ್ಲು, ಗುಡ್ಡೆ ಚಪ್ಪಲಿ, ಗಾಳಿಗೆ ಹಾರುವ ಒದ್ದೆ ಟವೆಲ್ಲುಗಳು. ಯಾರೋ ಯಾರನ್ನೋ ಊಟಕ್ಕೆ ಕೂಗುತ್ತಿದ್ದರು. ಹಿಂಬಾಗಿಲುಗಳ ಚಿಲಕ ಒಂದೊಂದೂ ಕೈ ತಾಗಿ ತಾಗಿ ಸವೆದು ಕನ್ನಡಿಯಾಗಿತ್ತು.

"ಈ ಸಾಲಲ್ಲಿ ಖಾಲಿ ಇರೋದು ಒಂದೇ ಮನೆ, ಪಕ್ಕದ್ದು" ಎಂದಳು ಅಜ್ಜಿ. "ಅದೂ ಹೋದ ವಾರ ಖಾಲಿ ಆಗಿದ್ದು."

"ಎಡಗಡೇದು ಅಂದಿದ್ರಲ್ಲ?"

"ರಸ್ತೆ ಕಡೆಯಿಂದ ನೋಡಿದ್ರೆ ಎಡ" ಎಂದ ಅಜ್ಜಿಯ ಅಳಿಯ, ಬಾಯಿ ತುಂಬ ಊಟ ಇಟ್ಟುಕೊಂಡೇ. "ಸಮುದ್ರದ ಕಡೆಯಿಂದ ಬಂದೋರಿಗೆ ಅದು ಬಲ."

ಮಗಳು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಸತ್ತ ಬೀದಿ! ಒಂದೇ ಮನೇಲಿ ಒಂಬತ್ತು ಹೆಣ, ಎಲ್ಲ ಊಟ ಮಾಡ್ತಾ ಇವೆ!"

ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಕಾರಿನ ಹಾರನ್ನು ಕೇಳಿಸಿತು. ಇನ್ನೊಂದು ಪಾರ್ಟಿ ಕಾಲುಗಂಟೆ ಮೊದಲೇ ಬಂದಿತ್ತು. ಕಪ್ಪು ಕನ್ನಡಕದ ನಾಲ್ಕು ಜನ ಕಾರಿನಿಂದ ಇಳಿಯುತ್ತಿದ್ದರು.

"ಅಣ್ಣಾ, ಬೇಗ ಏನಾದ್ರೂ ಹೇಳು!" ತಮ್ಮ ಕುಣಿಯುವುದೊಂದು ಬಾಕಿ.

ಬೀಗದಣ್ಣ ಗಂಟಲು ಸರಿಮಾಡಿಕೊಂಡ. "ನಾನು ಹೇಳಿದ್ದು ಬೀಗದ ಬಗ್ಗೆ. ಬೀಗದ ಮಟ್ಟಿಗೆ ನಾನು ಹೇಳಿದ್ದು ಸರೀನೇ ಇದೆ. ಆದ್ರೂ ಹೊಸ ಸಂಗತಿಗಳ ಹಿನ್ನೆಲೆಯಲ್ಲಿ ಒಂದೆರಡು ಕಾಲಂ ಮತ್ತೆ ಪರಿಶೀಲಿಸಿ..."

"ಅಯ್ಯೋ ಅಣ್ಣಾ!"

"ನಿಮ್ಮತ್ತಿಗೆ ಎಲ್ಲಿ?"

ಅತ್ತಿಗೆ ಅಲ್ಲಿರಲಿಲ್ಲ. ಮೂವರೂ ಪಕ್ಕದ ಮನೆಯ ಹಿಂಬಾಗಿಲಿಗೆ ಓಡಿದರು. ಅದು ತೆರೆದಿತ್ತು. ಒಳಗೆ ಖಾಲಿ ಕೋಣೆಯ ನಡುವೆ ಅವಳು ನಿಂತಿದ್ದಳು, ಎದುರಿಗೆ ಟೋಪಿ ಕೈಯಲ್ಲಿ ಹಿಡಿದ ದಲ್ಲಾಳಿ.

"ತಗೊಂಡ್ವಿ ಅಂತ ಹೇಳಿಬಿಟ್ಟೆ" ಎಂದಳು. ಅವಳ ಉಸಿರು ಇನ್ನೂ ಏರಿಳಿಯುತ್ತಿತ್ತು.

ಬೀಗದಣ್ಣ ಬಾಯಿ ತೆರೆದ. "ಅಲ್ಲಾ... ಕೊನೆ ಮಾತು ನಂದು ಅಂತ..."

"ಹೂಂ, ಕೊನೇದು ನಿಮ್ಮದೇ. ಮೊದಲನೇದನ್ನ ನಾನು ಹೇಳಿದ್ದೀನಿ. ಈಗ ನೀವು ಹೇಳಿ." ಅವಳು ಸೆರಗು ಹಿಂಡುತ್ತ ಅವನನ್ನೇ ನೋಡಿದಳು. "ಇಪ್ಪತ್ತನಾಲ್ಕು ವರ್ಷ ಗೋಡೆ ನೋಡಿದ್ದೀನಿ ರೀ. ಬೇಡ ಅಂತಿದ್ರೆ ಈ ಕಿಟಕಿ ಎದುರು ನಿಂತು ಹೇಳಿ."

ಅವನು ಆ ಕಿಟಕಿಯ ಕಡೆ ನೋಡಿದ. ಅದಿನ್ನೂ ಮುಚ್ಚಿತ್ತು; ಸಂದಿಗಳಿಂದ ಬಿಸಿಲಿನ ನಾಲ್ಕು ಗೆರೆ ಅವಳ ಕಾಲಬುಡಕ್ಕೆ ಬಿದ್ದಿದ್ದವು. ಮೂವತ್ತೊಂದು ವರ್ಷ ಊರಿನ ಬೀಗಗಳನ್ನೆಲ್ಲ ಓದಿದವನಿಗೆ, ಮನೆಯಲ್ಲಿ ಒಬ್ಬಳು ಒಂದೇ ಸಲ ಹೇಳಿದ ಮಾತನ್ನು ತಾನು ಚರಂಡಿಯ ಪಕ್ಕದಲ್ಲಿ ಬರೆದುಕೊಂಡಿದ್ದು ಆಗ ಎದೆಗೆ ತಾಗಿತು.

"ಹೂಂ" ಎಂದ. ಜೀವಮಾನದಲ್ಲೇ ಅವನು ಕೊಟ್ಟ ಅತಿ ಚಿಕ್ಕ ತೀರ್ಪು ಅದು.

"ಜೋರಾಗಿ ಹೇಳಿ, ಇವರಿಗೆ ಕೇಳಬೇಕು."

"ಹೂಂ ಅಂದೆನಲ್ಲ! ತಗೊಂಡ್ವಿ! ಬೇರೆ ಯಾರಿಗೂ ಕೊಡೋಹಾಗಿಲ್ಲ!"

ದಲ್ಲಾಳಿ ಟೋಪಿ ಇಟ್ಟುಕೊಂಡು ಕಪ್ಪು ಕನ್ನಡಕದವರನ್ನು ಸಮಾಧಾನ ಮಾಡಲು ಹೋದಳು. ತಮ್ಮ ಖಾಲಿ ಕೋಣೆಯಲ್ಲಿ ಒದ್ದೆ ಪ್ಯಾಂಟಿನಲ್ಲೇ ಎರಡು ಸುತ್ತು ಕುಣಿದ. ಮಗಳು ಯಾರ ಹಾಸಿಗೆ ಎಲ್ಲಿ ಎಂದು ಆಗಲೇ ಹಂಚತೊಡಗಿದಳು.

ಸುದ್ದಿ ಓಣಿಯಲ್ಲಿ ಹಬ್ಬಿತು. ಬಿಸಿಲು ಇಳಿಯುವ ಹೊತ್ತಿಗೆ ಬೀಗದಣ್ಣ ತಮ್ಮದೇ ಮನೆಯ ಮುಂಬಾಗಿಲಿನ ಬೀಗಕ್ಕೆ ಎಣ್ಣೆ ಕುಡಿಸುತ್ತ ಜಗಲಿಯ ಮೇಲೆ ಕೂತಿದ್ದ. ಮೆಟ್ಟಿಲ ಮೇಲೆ ಐದಾರು ಜನ ಹೊಸ ನೆರೆಹೊರೆಯವರು ತಮ್ಮ ಬಾಗಿಲಿಗೆ ಯಾವಾಗ ಬರುತ್ತೀರಿ ಎಂದು ಕೇಳುತ್ತ ಕಾಯುತ್ತಿದ್ದರು. ಉಪ್ಪುಗಾಳಿಯಲ್ಲಿ ಹಿತ್ತಾಳೆಯ ಗುಣ ಏನು, ಕಬ್ಬಿಣದ ಗುಣ ಏನು ಎಂದು ಅವನು ಅವರಿಗೆ ವಿವರಿಸುತ್ತಿದ್ದ. ದನಿ ಹಳೆಯ ಎತ್ತರಕ್ಕೆ ಮರಳಿತ್ತು.

ಅವನ ಬೆನ್ನ ಹಿಂದೆ ಕಿಟಕಿಯ ಅಗುಳಿ ಸರಿದ ಸದ್ದಾಯಿತು. ಎರಡೂ ಬಾಗಿಲು ಹೊರಕ್ಕೆ ತೆರೆದುಕೊಂಡವು. ಬೀಗದಣ್ಣ ಮಾತು ನಿಲ್ಲಿಸಿ, ಎದ್ದು, ಕೈ ಒರೆಸಿಕೊಂಡು, ಅವಳು ಏನು ಹೇಳುತ್ತಾಳೋ ಎಂದು ಕಿಟಕಿಯ ಎದುರು ಬಂದು ನಿಂತ.

"ಹೇಗೆ? ಕಾಣತ್ತಾ?"

"ಸದ್ಯಕ್ಕೆ ನಿಮ್ಮ ತಲೆ ಕಾಣ್ತಿದೆ" ಎಂದಳು ಒಳಗಿನಿಂದ. "ಸ್ವಲ್ಪ ಪಕ್ಕಕ್ಕೆ ಬನ್ನಿ."